ಯುದ್ಧದ ನಡುವೆ ಒಂದು ದ್ರಾಕ್ಷಿತೋಟ

ನಮ್ಮ ಆಲಂಕಾರಿಕರು ಕಾವ್ಯದ ರುಚಿಯನ್ನು ಹಣ್ಣುಗಳ ಹೆಸರಿನಿಂದ ಸೂಚಿಸಿದ್ದಾರೆ. ಬಾಯಿಗಿಟ್ಟೊಡನೆಯೇ ರಸ ಒಸರುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿಯುವಷ್ಟು ಶ್ರಮ ಬೇಡುವುದು ಕದಳೀಪಾಕ. ನಾರು ಬಿಡಿಸಿ, ಚಿಪ್ಪೊಡೆದು, ಆಮೇಲೆ ತಿರುಳನ್ನು ಕಾಣುವುದು ನಾರಿಕೇಳಪಾಕ. ಪ್ರತಿ ವರ್ಷವೂ ತರಗತಿಯಲ್ಲಿ ಇದನ್ನು ಹೇಳುವುದು ನನ್ನ ವಾಡಿಕೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ದ್ರಾಕ್ಷಿಯಿಂದ ವೈನು ಮಾಡ್ತಾರಲ್ಲ, ಅದಕ್ಕೆ ವರ್ಷಗಟ್ಟಲೆ ಕಾಯಬೇಕಂತೆ. ಅದು ಯಾವ ಪಾಕ ಸಾರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಪಾಠವನ್ನು ಮುಂದುವರಿಸಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದರ ಬೆನ್ನು ಹಿಡಿದು ಓದುತ್ತ ಹೋದಾಗ ಲೆಬನಾನ್ ದೇಶದ ಒಂದು ಮನೆತನದ ಕಥೆ ನನಗೆ ದೊರಕಿತು. ಅದನ್ನೇ ಇಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ವಾಚಕರು ಮೊದಲಿಗೇ ಒಂದು ಮಾತನ್ನು ತಿಳಿಯಬೇಕು. ಇದು ಮದ್ಯಪಾನದ ಗುಣಗಾನವಲ್ಲ. ನಾನು ಅದನ್ನು ಮುಟ್ಟಿದವನೂ ಅಲ್ಲ. ಕುಡಿತದಿಂದ ಕೆಟ್ಟ ಸಂಸಾರಗಳ ಮಕ್ಕಳು ಪುಸ್ತಕವಿಲ್ಲದೆ ತರಗತಿಗೆ ಬರುವುದನ್ನು ಶಾಲಾಮಾಸ್ತರನು ಕಂಡಷ್ಟು ಬೇರೆ ಯಾರೂ ಕಾಣರು. ನಾನು ಹೇಳಹೊರಟಿರುವುದು ಒಂದು ಕೃಷಿಯ ಕಥೆ, ಒಂದು ಕುಟುಂಬದ ಹಟದ ಕಥೆ. ತೋಟಕ್ಕೂ ಮನೆಗೂ ನಡುವೆ ಯುದ್ಧ ಬಂದು ನಿಂತರೆ ಒಕ್ಕಲಿಗನು ಏನು ಮಾಡಬೇಕು ಎಂಬ ಪ್ರಶ್ನೆ ಇದರ ತಿರುಳು.

ಭೂಪಟವನ್ನು ತೆರೆದು ಮೆಡಿಟರೇನಿಯನ್ ಸಮುದ್ರದ ಪೂರ್ವದ ದಡವನ್ನು ನೋಡಿ. ಅಲ್ಲಿ ಸಿರಿಯ, ಇಸ್ರೇಲುಗಳ ನಡುವೆ ಸಿಕ್ಕಿಕೊಂಡಂತೆ ಲೆಬನಾನ್ ಎಂಬ ಪುಟ್ಟ ದೇಶವಿದೆ. ಇಡೀ ದೇಶದ ವಿಸ್ತಾರ ಸುಮಾರು ೧೦,೪೫೦ ಚದರ ಕಿಲೋಮೀಟರ್. ಕಡಲಿನ ಅಂಚಿನಿಂದಲೇ ಲೆಬನಾನ್ ಪರ್ವತವು ಗೋಡೆಯಂತೆ ಮೇಲೇಳುತ್ತದೆ. ಅದನ್ನು ಹತ್ತಿ ಆಚೆಗಿಳಿದರೆ ಸುಮಾರು ೧,೦೦೦ ಮೀಟರ್ ಎತ್ತರದಲ್ಲಿ ಒಂದು ಉದ್ದವಾದ ಸಮತಟ್ಟು ಭೂಮಿ. ಅದರ ಹೆಸರು ಬೆಕಾ. ಬೆಕಾದ ಆಚೆಗೆ ಮತ್ತೊಂದು ಪರ್ವತಸಾಲು, ಅದರಾಚೆ ಸಿರಿಯ. ಬೇಸಗೆಯಲ್ಲಿ ಬೆಕಾದಲ್ಲಿ ಮಳೆಯ ಸುಳಿವಿಲ್ಲ. ಹಗಲು ಚುರುಗುಟ್ಟುವ ಬಿಸಿಲು, ರಾತ್ರಿ ಎತ್ತರದ ಪ್ರದೇಶದ ತಂಪು. ಬಿಸಿಲಿನಿಂದ ಹಣ್ಣಿಗೆ ಸಿಹಿ ಕೂಡುತ್ತದೆ. ಇರುಳಿನ ತಂಪು ಅದರ ಹುಳಿಯನ್ನು ಕಾಪಾಡುತ್ತದೆ. ಒಳ್ಳೆಯ ದ್ರಾಕ್ಷಿಗೆ ಎರಡೂ ಬೇಕು.

ಈ ನಾಡಿಗೆ ದ್ರಾಕ್ಷಿ ಹೊಸದಲ್ಲ. ಪ್ರಾಚೀನರಾದ ಫಿನೀಷಿಯನ್ನರು ಇಲ್ಲಿಂದಲೇ ಮಣ್ಣಿನ ಜಾಡಿಗಳಲ್ಲಿ ವೈನು ತುಂಬಿ ಸಮುದ್ರದ ಮೇಲೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಟೆಲ್ ಎಲ್ ಬುರಾಕ್ ಎಂಬಲ್ಲಿ ಭೂಶೋಧನೆ ನಡೆಸಿದವರು ಕ್ರಿಸ್ತಪೂರ್ವ ಏಳನೆಯ ಶತಮಾನದಷ್ಟು ಹಳೆಯದಾದ ದ್ರಾಕ್ಷಿ ತುಳಿಯುವ ತೊಟ್ಟಿಯನ್ನು ಕಂಡಿದ್ದಾರೆ. ಅವರ ವರದಿ ೨೦೨೦ರಲ್ಲಿ ಪ್ರಕಟವಾಯಿತು. ಬೆಕಾದ ಬಾಲ್ಬೆಕ್ಕಿನಲ್ಲಿ ರೋಮನರು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಕಟ್ಟಿದ ಬ್ಯಾಕಸ್ ದೇವಾಲಯ ಇಂದಿಗೂ ನಿಂತಿದೆ. ಬ್ಯಾಕಸ್ ಎಂದರೆ ಅವರ ದ್ರಾಕ್ಷಿಯ ದೇವತೆ. ಮುಂದೆ ೧೫೧೬ರಿಂದ ಸುಮಾರು ನಾನೂರು ವರ್ಷ ನಾಡು ತುರ್ಕರ ಆಳ್ವಿಕೆಯಲ್ಲಿತ್ತು. ಆಗ ವೈನಿನ ತಯಾರಿಕೆ ಬಹುಮಟ್ಟಿಗೆ ಕ್ರೈಸ್ತ ಮಠಗಳ ಪೂಜಾಕಾರ್ಯಕ್ಕೆ ಸೀಮಿತವಾಯಿತು. ೧೮೫೭ರಲ್ಲಿ ಜೆಸ್ಯೂಟ್ ಪಾದ್ರಿಗಳು ಬೆಕಾದ ಕ್ಸಾರಾ ಎಂಬಲ್ಲಿ ಹೊಸ ಪದ್ಧತಿಯ ತೋಟವನ್ನು ಬೆಳೆಸಿದರು. ಜನಸಾಮಾನ್ಯರು ಕುಡಿಯುತ್ತಿದ್ದುದು ಸೋಂಪು ಹಾಕಿ ಬಟ್ಟಿಯಿಳಿಸಿದ ಅರಕ್ ಎಂಬುದನ್ನು. ಅರಬ್ಬೀ ಭಾಷೆಯಲ್ಲಿ ಆ ಶಬ್ದಕ್ಕೆ ಬೆವರು ಎಂದರ್ಥ. ಬಟ್ಟಿಯ ಪಾತ್ರೆಯಲ್ಲಿ ಹನಿಗಟ್ಟುವುದನ್ನು ನೋಡಿ ಇಟ್ಟ ಹೆಸರು. ಇಂಗ್ಲಿಷಿನ 'ಅರ್ಯಾಕ್' ಶಬ್ದವೂ ಅದರಿಂದಲೇ ಹುಟ್ಟಿತು.

ಒಂದನೆಯ ಮಹಾಯುದ್ಧವಾದ ಮೇಲೆ ಲೆಬನಾನ್ ಫ್ರಾನ್ಸಿನ ಆಡಳಿತಕ್ಕೆ ಬಂತು. ಆ ಕಾಲದಲ್ಲಿ ಗಾಸ್ತೋನ್ ಹೊಶಾರ್ ಎಂಬ ಇಪ್ಪತ್ತು ವರ್ಷದ ತರುಣ ಫ್ರಾನ್ಸಿನ ಬೋರ್ಡೊ ಪ್ರಾಂತಕ್ಕೆ ಹೋಗಿ ಅಲ್ಲಿನ ದ್ರಾಕ್ಷಿಯ ಬೇಸಾಯವನ್ನು ಕಂಡು ಬಂದ. ೧೯೩೦ರಲ್ಲಿ ಬೈರೂತಿನ ಉತ್ತರಕ್ಕೆ, ಜೂನಿಯೆ ಕೊಲ್ಲಿಯನ್ನು ನೋಡುವ ಗುಡ್ಡದ ಮೇಲಿನ ಘಜೀರ್ ಎಂಬ ಊರಿನಲ್ಲಿ, ಹದಿನೆಂಟನೆಯ ಶತಮಾನದ ಒಂದು ಹಳೆಯ ಕೋಟೆಮನೆಯಲ್ಲಿ ವೈನಿನ ಕೆಲಸವನ್ನು ಆರಂಭಿಸಿದ. ಕೋಟೆಯ ಹೆಸರು ಮ್ಜಾರ್. ಅದರಿಂದಲೇ ಸಂಸ್ಥೆಗೆ 'ಶಾತೋ ಮ್ಯೂಸಾರ್' ಎಂದು ಹೆಸರಾಯಿತು. ಫ್ರೆಂಚಿನಲ್ಲಿ ಶಾತೋ ಎಂದರೆ ಕೋಟೆ, ದೊಡ್ಡ ಮನೆ. ತಮ್ಮ ಪೂರ್ವಿಕರು ಧರ್ಮಯುದ್ಧಗಳ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಫ್ರಾನ್ಸಿನಿಂದ ಬಂದು ನೆಲೆಸಿದವರೆಂದು ಮನೆಯವರು ಹೇಳಿಕೊಳ್ಳುವುದುಂಟು.

ಇಲ್ಲಿ ತಾವು ಒಂದು ವಿಚಿತ್ರವನ್ನು ಗಮನಿಸಬೇಕು. ದ್ರಾಕ್ಷಿ ಬೆಳೆಯುವುದು ಬೆಕಾದಲ್ಲಿ. ರಸ ಹಿಂಡುವುದು ಪರ್ವತದ ಈಚೆಗೆ, ಕಡಲಿನ ಕಡೆಯ ಘಜೀರಿನಲ್ಲಿ. ತೋಟದ ಪಕ್ಕದಲ್ಲೇ ಗಾಣ ಹೂಡುವುದು ಲೋಕರೂಢಿ. ಗಾಸ್ತೋನ್ ಹೀಗೇಕೆ ಮಾಡಿದ? ಆ ದಿನಗಳಲ್ಲಿ ದೇಶದ ಎಲ್ಲೆಕಟ್ಟು ಇನ್ನೂ ಗಟ್ಟಿಯಾಗಿರಲಿಲ್ಲವೆಂದೂ ಬೆಕಾ ಕೊನೆಗೆ ಸಿರಿಯದ ಪಾಲಾದೀತೆಂಬ ಶಂಕೆ ಅವನಿಗಿತ್ತೆಂದೂ ಹೇಳುತ್ತಾರೆ. ಗಾಣವನ್ನು ಕ್ಷೇಮವಾದ ಕಡೆ ಇಡೋಣವೆಂದು ಅವನು ಯೋಚಿಸಿದ. ಶಾಂತಿಯ ಕಾಲದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಲಾರಿಗಳು ಸುಮಾರು ೧,೫೦೦ ಮೀಟರ್ ಎತ್ತರದ ಘಟ್ಟವನ್ನು ದಾಟಿ ಕೆಲವೇ ಗಂಟೆಗಳಲ್ಲಿ ಹಣ್ಣನ್ನು ತಂದು ಸುರಿಯುತ್ತಿದ್ದವು. ಕ್ಷೇಮಕ್ಕೆಂದು ತಂದೆ ಮಾಡಿದ ಈ ಏರ್ಪಾಡು ನಲವತ್ತೈದು ವರ್ಷಗಳ ಮೇಲೆ ಮಕ್ಕಳ ಪ್ರಾಣಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಗಾಸ್ತೋನನ ಮೊದಲ ಗಿರಾಕಿಗಳಲ್ಲಿ ಫ್ರೆಂಚ್ ಅಧಿಕಾರಿಗಳೂ ಸೈನಿಕರೂ ಮುಖ್ಯರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೆಬನಾನಿನಲ್ಲಿದ್ದ ಮೇಜರ್ ರೊನಾಲ್ಡ್ ಬಾರ್ಟನ್ ಎಂಬಾತ ಆ ಮನೆಗೆ ಆಪ್ತನಾದ. ಅವನೂ ಬೋರ್ಡೊ ಪ್ರಾಂತದ ಒಂದು ಹಳೆಯ ದ್ರಾಕ್ಷಿತೋಟದ ಮನೆತನದವನೇ. ೧೯೪೩ರಲ್ಲಿ ಲೆಬನಾನ್ ಸ್ವತಂತ್ರವಾಯಿತು; ೧೯೪೬ರಲ್ಲಿ ಫ್ರೆಂಚ್ ಸೇನೆ ಹೊರಟುಹೋಯಿತು. ಸ್ನೇಹ ಮಾತ್ರ ಉಳಿಯಿತು. ಗಾಸ್ತೋನನ ಕಿರಿಯ ಮಗನಿಗೆ ರೊನಾಲ್ಡ್ ಎಂಬ ಹೆಸರು ಬಂದುದು ಆ ಸ್ನೇಹದ ಗುರುತಾಗಿ.

ಹಿರಿಯ ಮಗ ಸೆರ್ಜ್ ಹುಟ್ಟಿದ್ದು ೧೯೩೯ರಲ್ಲಿ. ಮೊದಲು ಇಂಜಿನಿಯರಿಂಗ್ ಓದಿಗೆ ಹೋದ ಈತ ಆಮೇಲೆ ಬೋರ್ಡೊ ವಿಶ್ವವಿದ್ಯಾನಿಲಯದಲ್ಲಿ ವೈನುಶಾಸ್ತ್ರವನ್ನು ಕಲಿತ. ಅಲ್ಲಿ ಎಮಿಲ್ ಪೆಯ್ನೋ ಅವರಂಥ ಪ್ರಸಿದ್ಧ ಆಚಾರ್ಯರಿದ್ದರು. ೧೯೫೯ರಲ್ಲಿ, ಇನ್ನೂ ಓದುತ್ತಿರುವಾಗಲೇ, ತಯಾರಿಕೆಯ ಹೊಣೆಯನ್ನು ತನಗೇ ಪೂರ್ತಿ ಬಿಟ್ಟುಕೊಡಬೇಕೆಂದು ತಂದೆಯನ್ನು ಕೇಳಿದ. ತಂದೆ ಬಿಟ್ಟುಕೊಟ್ಟ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಯಜಮಾನಿಕೆ ಇಷ್ಟು ಸುಲಭವಾಗಿ ಕೈಬದಲಾಗುತ್ತದೆ, ತಾವೇ ಯೋಚಿಸಿ. ೧೯೬೨ರಲ್ಲಿ ತಮ್ಮ ರೊನಾಲ್ಡ್ ಬಂದು ಲೆಕ್ಕಪತ್ರ, ಮಾರಾಟಗಳ ಭಾರವನ್ನು ಹೊತ್ತ. ತನ್ನ ಮನಸ್ಸಿಗೊಪ್ಪುವ ಹದವನ್ನು ಕಾಣಲು ಸೆರ್ಜ್ ಹದಿನೆಂಟು ವರ್ಷ ಹಿಡಿದ.

ಆ ಹದವೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ದೋಸೆಯ ಹಿಟ್ಟನ್ನು ರಾತ್ರಿ ಕಲಸಿಟ್ಟರೆ ಬೆಳಗಾಗುವುದರಲ್ಲಿ ಉಕ್ಕಿರುತ್ತದಲ್ಲವೆ? ಕಣ್ಣಿಗೆ ಕಾಣದ ಜೀವಾಣುಗಳು ಹಿಟ್ಟಿನಲ್ಲಿ ಕೆಲಸ ಮಾಡಿ ಗಾಳಿಯನ್ನೂ ಹುಳಿಯನ್ನೂ ಹುಟ್ಟಿಸಿರುತ್ತವೆ. ದ್ರಾಕ್ಷಿಯ ರಸದಲ್ಲಿಯೂ ಇದೇ ಬಗೆಯ ಕ್ರಮ. ಅಲ್ಲಿ ದುಡಿಯುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲವಾಯುವನ್ನಾಗಿಯೂ ಮಾಡುತ್ತದೆ. ವೈದ್ಯರು ಕೊಡುವ ದ್ರಾಕ್ಷಾರಿಷ್ಟದಲ್ಲಿ ನಡೆಯುವುದೂ ಇದೇ. ಹೆಚ್ಚಿನ ಕಾರ್ಖಾನೆಗಳವರು ಬೇರೆ ಕಡೆ ಬೆಳೆಸಿದ ಯೀಸ್ಟನ್ನು ತಂದು ಹಾಕುತ್ತಾರೆ. ಬೇಡದ ಜೀವಾಣುಗಳನ್ನು ಗಂಧಕದ ಸಂಯುಕ್ತದಿಂದ ಅಡಗಿಸುತ್ತಾರೆ. ಕೊನೆಗೆ ಚೆನ್ನಾಗಿ ಸೋಸುತ್ತಾರೆ. ಸೆರ್ಜ್ ಹಣ್ಣಿನೊಡನೆ ತೋಟದಿಂದಲೇ ಬಂದ ಯೀಸ್ಟನ್ನು ನಂಬಿದ. ಗಂಧಕವನ್ನು ಬಲು ಕಡಿಮೆ ಬಳಸಿದ. ಸೋಸುವುದನ್ನು ಬಿಟ್ಟ.

ಕೆಂಪು ವೈನಿಗೆ ಕ್ಯಾಬರ್ನೆ ಸೋವಿನ್ಯೋಂ, ಕರಿನ್ಯಾನ್, ಸಿನ್ಸೋ ಎಂಬ ಮೂರು ಜಾತಿಯ ಕಪ್ಪು ದ್ರಾಕ್ಷಿ. ಪ್ರತಿಯೊಂದನ್ನೂ ಸಿಮೆಂಟಿನ ತೊಟ್ಟಿಗಳಲ್ಲಿ ಬೇರೆಬೇರೆಯಾಗಿಯೇ ಹುದುಗಿಸುತ್ತಾರೆ. ಆಮೇಲೆ ಫ್ರಾನ್ಸಿನ ಓಕ್ ಮರದ ಪೀಪಾಯಿಗಳಲ್ಲಿ ಸುಮಾರು ಒಂದು ವರ್ಷ ಇಡುತ್ತಾರೆ. ಮೂರನೆಯ ವರ್ಷದ ಕೊನೆಗೆ ಮೂರನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಸೀಸೆಗೆ ತುಂಬುತ್ತಾರೆ. ತುಂಬಿದ ಸೀಸೆ ಒಡನೆಯೇ ಅಂಗಡಿಗೆ ಹೋಗುವುದಿಲ್ಲ. ಬೆಟ್ಟದೊಳಕ್ಕೆ ಅಗೆದ ತಂಪಾದ ನೆಲಮಾಳಿಗೆಯಲ್ಲಿ ಮತ್ತೆ ಮೂರು ನಾಲ್ಕು ವರ್ಷ ಮಲಗಿರುತ್ತದೆ. ಹೀಗೆ ಹಣ್ಣು ಕೊಯ್ದ ಏಳನೆಯ ವರ್ಷಕ್ಕೆ ಅದು ಮಾರಾಟಕ್ಕೆ ಬರುತ್ತದೆ. ಬಿಳಿಯ ವೈನಿಗೆ ಒಬೈದೆ, ಮೆರ್ವಾ ಎಂಬ ಆ ನಾಡಿನವೇ ಆದ ಜಾತಿಗಳನ್ನು ಬಳಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸರ ಎಂಬ ಬೇರುಹುಳು ಯುರೋಪಿನ ತೋಟಗಳನ್ನು ಹಾಳುಮಾಡಿದ್ದರಿಂದ ಈಗ ಬಹುಪಾಲು ದೇಶಗಳಲ್ಲಿ ಬಳ್ಳಿಯನ್ನು ಅಮೆರಿಕದ ಜಾತಿಯ ಬೇರಿಗೆ ಕಸಿಮಾಡಿ ಬೆಳೆಸುತ್ತಾರೆ. ಆದರೆ ಲೆಬನಾನಿನ ಗುಡ್ಡಗಳ ಈ ಹಳೆಯ ಬಳ್ಳಿಗಳು ಇಂದಿಗೂ ತಮ್ಮ ಸ್ವಂತ ಬೇರಿನ ಮೇಲೆಯೇ ನಿಂತಿವೆ.

ಏಳು ವರ್ಷದ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಕೇಳಿ.

೧೯೭೫ರಲ್ಲಿ ಲೆಬನಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅದು ಆರಿದ್ದು ೧೯೯೦ರಲ್ಲಿ. ಬೈರೂತ್ ನಗರ ಎರಡು ಹೋಳಾಯಿತು. ಮತಕ್ಕೊಂದು, ಪಕ್ಷಕ್ಕೊಂದು ಸೇನೆ ಹುಟ್ಟಿತು. ೧೯೭೬ರಲ್ಲಿ ಸಿರಿಯದ ಸೈನ್ಯ ಒಳಗೆ ಬಂದು ಬೆಕಾದಲ್ಲಿ ತಳವೂರಿತು. ೧೯೮೨ರಲ್ಲಿ ಇಸ್ರೇಲಿನ ಸೇನೆ ದಕ್ಷಿಣದಿಂದ ನುಗ್ಗಿತು. ತೋಟವಿದ್ದ ಬೆಕಾ ಒಬ್ಬರ ಕೈಯಲ್ಲಿ, ಗಾಣವಿದ್ದ ಘಜೀರ್ ಮತ್ತೊಬ್ಬರ ಕೈಯಲ್ಲಿ. ನಡುವೆ ಕಾವಲು ಠಾಣೆಗಳು, ಕಡಿದುಹೋದ ರಸ್ತೆಗಳು, ಗುಡ್ಡದಿಂದ ಗುಡ್ಡಕ್ಕೆ ಹಾರುವ ಗುಂಡುಗಳು. ಗಾಸ್ತೋನ್ ೧೯೩೦ರಲ್ಲಿ ಮಾಡಿದ ಏರ್ಪಾಡಿನ ಬೆಲೆಯನ್ನು ಮಕ್ಕಳು ತೆರಬೇಕಾದದ್ದು ಆಗ.

ಬತ್ತವನ್ನಾಗಲಿ ರಾಗಿಯನ್ನಾಗಲಿ ಕೊಯ್ದು ಬಣವೆ ಹಾಕಿ ನಾಲ್ಕು ದಿನ ಕಾಯಬಹುದು. ದ್ರಾಕ್ಷಿ ಹಾಗಲ್ಲ. ನಮ್ಮ ವಿಜಯಪುರದ ಕಡೆಯ ಬೆಳೆಗಾರರನ್ನು ಕೇಳಿದರೆ ಅವರೇ ಹೇಳುತ್ತಾರೆ. ಬಳ್ಳಿಯಲ್ಲೇ ಬಿಟ್ಟರೆ ಸಿಹಿ ಏರಿ ಹುಳಿ ಇಳಿದು ಹದ ತಪ್ಪುತ್ತದೆ. ಕೊಯ್ದು ಲಾರಿಗೆ ತುಂಬಿದರೆ ಕೆಳಗಿನ ಹಣ್ಣು ಮೇಲಿನ ಭಾರಕ್ಕೆ ಒಡೆಯುತ್ತದೆ, ರಸ ಹೊರಬರುತ್ತದೆ, ಬಿಸಿಲಿಗೆ ಯೀಸ್ಟ್ ಎಚ್ಚೆತ್ತು ಹುದುಗು ಅಲ್ಲಿಯೇ ಆರಂಭವಾಗುತ್ತದೆ. ಆದುದರಿಂದ ಕೊಯ್ಲಿನ ದಿನ ದಾರಿ ತೆರೆದಿರಬೇಕು. ದಾರಿ ಯಾವಾಗ ತೆರೆದೀತೆಂದು ಯುದ್ಧದಲ್ಲಿ ಯಾರು ಬಲ್ಲರು?

೧೯೭೬ರಲ್ಲಿ ವೈನು ಮಾಡಲಾಗಲಿಲ್ಲ. ಆ ವರ್ಷ ಲೆಕ್ಕದಲ್ಲಿ ಖಾಲಿಯಾಗಿಯೇ ಉಳಿಯಿತು. ಆಮೇಲಿನ ವರ್ಷಗಳಲ್ಲಿ ಹೇಗೋ ದಾರಿ ಹುಡುಕಿದರು. ಲಾರಿಯ ಚಾಲಕರು ಠಾಣೆಯಿಂದ ಠಾಣೆಗೆ ಅನುಮತಿ ಬೇಡುತ್ತ, ಮದ್ದುಗುಂಡಿನ ಸದ್ದಿನ ನಡುವೆ ಘಟ್ಟವನ್ನು ದಾಟಿದರು. ಬೆಕಾದಲ್ಲಿ ಹಣ್ಣು ಕೊಯ್ಯುವ ಬೆಡೂಯಿನ್ ಕೂಲಿಕಾರರೂ ಕೆಲಸ ಬಿಡಲಿಲ್ಲ. ಮನೆತನದ ಹೆಸರು ಪುಸ್ತಕಗಳಲ್ಲಿ ಬರುತ್ತದೆ. ಆ ಚಾಲಕರ, ಕೂಲಿಕಾರರ ಹೆಸರು ಬರುವುದಿಲ್ಲ. ಆದರೆ ಅವರಿಲ್ಲದೆ ಈ ಕಥೆಯೇ ಇಲ್ಲ.

೧೯೮೪ರ ಕೊಯ್ಲು ಎಲ್ಲಕ್ಕಿಂತ ಕಷ್ಟದ್ದು. ಕೆಲವು ಗಂಟೆಗಳ ಪ್ರಯಾಣಕ್ಕೆ ದಿನಗಳೇ ಹಿಡಿದವು. ನೇರವಾದ ದಾರಿ ಮುಚ್ಚಿದ್ದರಿಂದ ಲಾರಿಗಳು ಸುತ್ತುಬಳಸಿ ಬರಬೇಕಾಯಿತು. ಘಜೀರಿಗೆ ತಲುಪುವ ಹೊತ್ತಿಗೆ ಹಣ್ಣು ಲಾರಿಯಲ್ಲಿಯೇ ಹುದುಗತೊಡಗಿತ್ತು. ಬೇರೊಬ್ಬರಾಗಿದ್ದರೆ ಅದನ್ನು ಹಳ್ಳಕ್ಕೆ ಸುರಿಯುತ್ತಿದ್ದರೋ ಏನೋ. ಸೆರ್ಜ್ ಅದನ್ನೂ ತೊಟ್ಟಿಗೆ ಇಳಿಸಿ ವೈನು ಮಾಡಿದ. ಎಂದಿನಂತೆ ಅದನ್ನು ಮಾರಾಟಕ್ಕೆ ಕಳುಹಿಸಲಿಲ್ಲ. ಸೀಸೆಗೆ ತುಂಬಿ ನೆಲಮಾಳಿಗೆಯಲ್ಲಿ ಇಟ್ಟ. ಯುದ್ಧದ ಹದಿನೈದು ವರ್ಷಗಳ ದೀರ್ಘ ಕಾಲದಲ್ಲಿ ಕೈತಪ್ಪಿದ ಬೆಳೆ ಈ ಎರಡೇ ಎಂದು ಹೇಳುವುದು ವಾಡಿಕೆ. ನನಗೆ ದೊಡ್ಡದಾಗಿ ಕಾಣುವುದು ತಪ್ಪಿದ ಎರಡಲ್ಲ, ತಪ್ಪದೆ ಬಂದ ಉಳಿದವು.

ಗುಂಡು ಬೀಳುವಾಗ ಆ ನೆಲಮಾಳಿಗೆ ಊರಿನವರಿಗೆ ಆಶ್ರಯವೂ ಆಯಿತು. ಪೀಪಾಯಿಗಳ ಸಾಲಿನ ನಡುವೆ ನೆರೆಹೊರೆಯ ಹೆಂಗಸರು ಮಕ್ಕಳು ಅಡಗಿ ಕುಳಿತರು. ಸೆರ್ಜ್ ದೇಶವನ್ನು ಬಿಟ್ಟು ಹೋಗಲಿಲ್ಲ. ಒಮ್ಮೆ ಬೈರೂತಿನ ಮನೆಯ ಸುತ್ತ ಗುಂಡಿನ ಮಳೆ ಸುರಿಯುತ್ತಿರಲು ಅವನು ೧೯೭೨ರ ಒಂದು ಸೀಸೆಯನ್ನು ತೆರೆದು, ಗುಟುಕು ಗುಟುಕಾಗಿ ಅದರ ರುಚಿ ಗಂಟೆಗಂಟೆಗೂ ಹೇಗೆ ಬದಲಾಗುತ್ತದೆಂದು ಪರೀಕ್ಷಿಸುತ್ತ ಕುಳಿತಿದ್ದನಂತೆ. ಇದನ್ನು ಧೈರ್ಯವೆನ್ನುವಿರೋ ಭಂಡತನವೆನ್ನುವಿರೋ ತಮಗೆ ಬಿಟ್ಟದ್ದು.

ಕೊಳ್ಳುವವರ ಸಮಸ್ಯೆಯೂ ಇತ್ತು. ಯುದ್ಧಕ್ಕೆ ಮುಂಚೆ ಮ್ಯೂಸಾರಿನ ವೈನು ಬಹುಪಾಲು ಲೆಬನಾನಿನಲ್ಲಿಯೇ ಮಾರಾಟವಾಗುತ್ತಿತ್ತು. ಊರು ಉರಿಯುವಾಗ ಕೊಳ್ಳುವವರೆಲ್ಲಿ? ಅನಿವಾರ್ಯವಾಗಿ ಪರದೇಶದ ದಾರಿಯನ್ನು ಹಿಡಿಯಬೇಕಾಯಿತು. ೧೯೭೯ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈನಿನ ಮೇಳದಲ್ಲಿ ಮೈಕೇಲ್ ಬ್ರಾಡ್‌ಬೆಂಟ್ ಎಂಬ ಹೆಸರಾಂತ ಪರೀಕ್ಷಕನು ೧೯೬೭ರ ಮ್ಯೂಸಾರನ್ನು ರುಚಿನೋಡಿ, ಆ ಮೇಳದ ಹೊಸ ಶೋಧವೇ ಇದು ಎಂದು ಸಾರಿದ. ಅಲ್ಲಿಂದ ಮುಂದೆ ಈ ಹೆಸರು ಲೋಕಕ್ಕೆ ತಿಳಿಯಿತು. ಹಣ್ಣು ಲಾರಿಯಲ್ಲಿ ಹುದುಗಿದ ಆ ೧೯೮೪ರಲ್ಲಿಯೇ ಇಂಗ್ಲೆಂಡಿನ 'ಡಿಕ್ಯಾಂಟರ್' ಪತ್ರಿಕೆ ವರ್ಷದ ವ್ಯಕ್ತಿ ಎಂಬ ಗೌರವವನ್ನು ಹೊಸದಾಗಿ ಆರಂಭಿಸಿ, ಮೊಟ್ಟಮೊದಲಿಗೆ ಸೆರ್ಜ್ ಹೊಶಾರನಿಗೆ ಕೊಟ್ಟಿತು.

ಎಲ್ಲರೂ ಹೊಗಳಿದರೆಂದು ತಾವು ತಿಳಿಯಬಾರದು. ಗಂಧಕವನ್ನು ಕಡಿಮೆ ಬಳಸಿದರೆ ವೈನಿನಲ್ಲಿ ಸ್ವಲ್ಪ ವಿನಿಗರಿನ ಹುಳಿವಾಸನೆ ಸೇರುವ ಸಂಭವವುಂಟು. ಮ್ಯೂಸಾರಿನಲ್ಲಿ ಅದು ಸೇರಿಯೂ ಇರುತ್ತದೆ. ಶಾಸ್ತ್ರದ ಪ್ರಕಾರ ಅದು ದೋಷವೆಂದು ಹಲವು ಪಂಡಿತರ ಮತ. ಒಂದು ವರ್ಷದ ಸೀಸೆ ಇನ್ನೊಂದು ವರ್ಷದ್ದರಂತೆ ಇರುವುದಿಲ್ಲವೆಂಬುದು ಇನ್ನೊಂದು ಆಕ್ಷೇಪ. ವೈನು ಒಂದು ಜೀವಂತ ವಸ್ತು, ಮನುಷ್ಯರಂತೆ ಅದೂ ವರ್ಷಕ್ಕೊಂದು ಬಗೆಯಾಗಿರುತ್ತದೆ ಎಂಬುದು ಸೆರ್ಜನ ನಿಲುವು. ವ್ಯಾಕರಣ ಬಲ್ಲ ನನ್ನಂಥವನಿಗೆ ಈ ಜಗಳ ಹೊಸದಲ್ಲ. ಲಕ್ಷಣಗ್ರಂಥಕ್ಕೆ ಒಗ್ಗದ ಪ್ರಯೋಗ ಕವಿಯಲ್ಲಿ ಕಂಡಾಗ ಅದು ತಪ್ಪೋ, ಕವಿಯ ಸ್ವಾತಂತ್ರ್ಯವೋ ಎಂದು ನಾವೂ ತಲೆಮಾರುಗಳಿಂದ ಕಾದಾಡುತ್ತಲೇ ಇದ್ದೇವೆ.

ಯುದ್ಧ ಮುಗಿಯಿತು. ೨೦೦೬ರಲ್ಲಿ ಮ್ಯೂಸಾರಿಗೆ ರಾಸಾಯನಿಕ ಗೊಬ್ಬರ ಔಷಧಿಗಳಿಲ್ಲದ ಸಾವಯವ ಕೃಷಿಯ ಪ್ರಮಾಣಪತ್ರ ಬಂತು. ಲೆಬನಾನಿನ ವೈನು ತಯಾರಕರಲ್ಲಿ ಅದನ್ನು ಮೊದಲು ಪಡೆದವರು ಇವರೇ. ಅದೇ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮತ್ತೊಮ್ಮೆ ಯುದ್ಧ ಬಂದು ಹೋಯಿತು. ೨೦೧೪ರ ಡಿಸೆಂಬರ್ ೩೧ರಂದು ಮೆಕ್ಸಿಕೋ ದೇಶದ ಅಕಪುಲ್ಕೊ ಎಂಬಲ್ಲಿ ಈಜುವಾಗ ಸೆರ್ಜ್ ತೀರಿಕೊಂಡ. ಆಗ ಅವನಿಗೆ ಎಪ್ಪತ್ತೈದು ವರ್ಷ. ಕೆಲಸ ಆಗಲೇ ಮುಂದಿನ ತಲೆಮಾರಿನ ಕೈಗೆ ಬಂದಿತ್ತು. ಸೆರ್ಜನ ಮಗನ ಹೆಸರೂ ಗಾಸ್ತೋನ್. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮದಷ್ಟೇ ಅಲ್ಲವೆಂಬುದಕ್ಕೆ ಇದೊಂದು ನಿದರ್ಶನ. ೨೦೧೯ರಿಂದ ಆ ದೇಶದ ಹಣಕಾಸು ಕುಸಿಯಿತು. ೨೦೨೦ರ ಆಗಸ್ಟ್ ೪ರಂದು ಬೈರೂತ್ ಬಂದರಿನಲ್ಲಿ ಘೋರವಾದ ಸ್ಫೋಟವಾಯಿತು. ೨೦೨೪ರಲ್ಲಿ ಬೆಕಾದ ಮೇಲೆ ಮತ್ತೆ ಬಾಂಬುಗಳು ಬಿದ್ದವು. ಲೆಬನಾನಿನ ಒಕ್ಕಲಿಗನಿಗೆ ನೆಮ್ಮದಿಯೆಂಬುದು ಎರಡು ಯುದ್ಧಗಳ ನಡುವಿನ ಬಿಡುವೇ ಆಗಿದೆ.

ಈಗ ಏಳು ವರ್ಷದ ಲೆಕ್ಕಕ್ಕೆ ಹಿಂತಿರುಗೋಣ. ೧೯೮೩ರಲ್ಲಿ ಹಣ್ಣು ಕೊಯ್ದವನಿಗೆ ಅದರ ಹಣ ಕಣ್ಣಿಗೆ ಬೀಳುವುದು ೧೯೯೦ರ ಸುಮಾರಿಗೆ. ನಾಳೆ ಬೆಳಗ್ಗೆ ಮನೆ ನಿಂತಿರುತ್ತದೆಯೋ ಇಲ್ಲವೋ ಎಂಬ ಕಾಲದಲ್ಲಿ ಅವನು ಏಳು ವರ್ಷದ ಮುಂದಿನ ದಿನಕ್ಕಾಗಿ ಸೀಸೆಗೆ ಬಿರಡೆ ಹಾಕಿ ಸಾಲಾಗಿ ಮಲಗಿಸಿದ. ಅವಸರದಲ್ಲಿ ಬೇಗ ಮಾರಿ ಕಾಸು ಮಾಡಿಕೊಳ್ಳೋಣವೆಂದು ಕ್ರಮವನ್ನು ಮೊಟಕು ಮಾಡಲಿಲ್ಲ. ನೆಲಮಾಳಿಗೆಯ ಒಂದೊಂದು ಸಾಲೂ ಈ ಯುದ್ಧ ಒಂದು ದಿನ ಮುಗಿಯುತ್ತದೆ, ಆಗಲೂ ನಾವು ಇಲ್ಲಿಯೇ ಇರುತ್ತೇವೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ನಾವು ವೈನನ್ನು ಮುಟ್ಟದಿದ್ದರೂ ಆ ನಂಬಿಕೆಯನ್ನು ಮೆಚ್ಚಬಹುದು. ತೆಂಗಿನ ಸಸಿ ನೆಡುವ ಮುದುಕನಲ್ಲಿಯೂ ಅದೇ ನಂಬಿಕೆಯಿದೆ. ಮಕ್ಕಳಿಗೆ ಅಕ್ಷರ ಕಲಿಸುವವನಿಗೂ ಅದಿಲ್ಲದೆ ನಡೆಯದು.

ಹುಡುಗನ ಪ್ರಶ್ನೆಗೆ ಮರುವಾರ ಉತ್ತರ ಹೇಳಿದೆ. ಹಣ್ಣಾಗಿ ತಿಂದರೆ ಅದು ದ್ರಾಕ್ಷಾಪಾಕವೇ ಸರಿ. ಆದರೆ ಆ ಲೆಬನಾನಿನವರು ಅದೇ ದ್ರಾಕ್ಷಿಯನ್ನು ನಾರಿಕೇಳಪಾಕ ಮಾಡಿಕೊಂಡರಪ್ಪಾ, ಚಿಪ್ಪು ಒಡೆಯುವುದಕ್ಕೆ ಹದಿನೈದು ವರ್ಷ ಹಿಡಿಯಿತು, ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಲಾರಿ ಓಡಿಸಿದವರಿಗೆ ಸಂಬಳ ಸರಿಯಾಗಿ ಕೊಟ್ರಾ ಸಾರ್?" ಎಂದು ಕೇಳಿದ. ಅವನ ತಂದೆ ಲಾರಿಯ ಚಾಲಕ ಎಂಬುದು ನನಗೆ ಆಗ ನೆನಪಾಯಿತು.